ಪ್ಲಾಸ್ಟಿಕ್ ಬಿಚ್ಚದ ಹಾಸಿಗೆ

ಮನೆ ಆಶೀರ್ವಾದಕ್ಕೆ ಫಾದರ್ ಬರುತ್ತಾರೆ ಅಂದಾಗ ನನ್ನ ಎದೆ ಧಸಕ್ಕೆಂದಿತು. ಫಾದರ್ ಸಾಧು ಮನುಷ್ಯರು. ಆದರೆ ಒಂದೂ ಕೋಣೆ ಬಿಡದೆ ತೀರ್ಥ ಚಿಮುಕಿಸುತ್ತಾರೆ, ಬೆನ್ನಿಗೇ ಗುರಿಕಾರ, ಅಂದರೆ ನಮ್ಮ ಇಗರ್ಜಿ ವಾರ್ಡಿನ ಮುಖಂಡ, ಸೆಬಾಸ್ಟಿಯನ್ ಇರುತ್ತಾನೆ. ಅವನ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ನೈರೋಬಿಯ ಮಂಗಳೂರಿನವರಿಗೆಲ್ಲ ಗೊತ್ತು.

ಕಿಲಿಮಾನಿ ಬಡಾವಣೆಯ ಈ ಫ್ಲ್ಯಾಟಿನಲ್ಲಿ ನಾನೂ ಕಿಶನ್ನೂ ಆರು ವರ್ಷದಿಂದ ಇದ್ದೇವೆ. ಜನರ ಪಾಲಿಗೆ ಬಾಡಿಗೆ ಹಂಚಿಕೊಂಡ ಗೆಳೆಯರು. ಮಲಗುವುದು ಒಂದೇ ಕೋಣೆಯಲ್ಲಿ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ವಿಕ್ಟೋರಿಯಾ ರಾಣಿಯ ಕಾಲದ ದೊಡ್ಡ ಮನುಷ್ಯರು ಗಂಡು ಗಂಡಿನ ಪ್ರೀತಿಯನ್ನು ಹೆಸರಿಸಲೂ ನಾಚಿ, ‘ನಿಸರ್ಗಕ್ಕೆ ವಿರುದ್ಧ’ ಎಂದು ಕಾನೂನು ಬರೆದು ತಮ್ಮ ವಸಾಹತುಗಳಿಗೆಲ್ಲ ಹಡಗು ಹತ್ತಿಸಿದರು. ತಮ್ಮೂರಲ್ಲಿ ಆ ಕಾನೂನನ್ನು ಎಂದೋ ಹರಿದು ಹಾಕಿದರು. ಇಲ್ಲಿ ಕೀನ್ಯಾದಲ್ಲಿ ಇವತ್ತಿಗೂ ಹದಿನಾಲ್ಕು ವರ್ಷ ಜೈಲು. ಹೋದ ವಾರ ಇದನ್ನೇ ಪಾಠ ಮಾಡುವಾಗ ಹಿಂದಿನ ಬೆಂಚಿನವನೊಬ್ಬ, “ನಿಮಗ್ಯಾಕೆ ಸರ್ ಇಷ್ಟು ಸಿಟ್ಟು?” ಎಂದ. ಅಂದಿನಿಂದ ನನಗೆ ನಿದ್ದೆಯಿಲ್ಲ.

ಎರಡನೇ ಕೋಣೆಗೆ ಹೊಸ ಮಂಚ, ಹಾಸಿಗೆ ತರಿಸಿದೆವು. ಕಿಶನ್‌ನ ಶರ್ಟು, ಪುಸ್ತಕ, ಹವಾಯಿ ಚಪ್ಪಲಿ ಎಲ್ಲ ಅಲ್ಲಿಗೆ ಸಾಗಿಸಿದೆವು.

ಶನಿವಾರ ಬೆಳಿಗ್ಗೆ ಫಾದರ್, ಸೆಬಾಸ್ಟಿಯನ್ ಬಂದರು. ಜೊತೆಗೆ ನನ್ನ ಅಮ್ಮನ ತಂಗಿ, ವಿಲ್ಮಾ ಮಾವ್ಶಿ. ಎರಡನೇ ಕೋಣೆಗೆ ಬಂದದ್ದೇ ಸೆಬಾಸ್ಟಿಯನ್ ಮಂಡಿನೋವೆಂದು ಮಂಚದ ಮೇಲೆ ಕುಕ್ಕರಿಸಿದ. ಚರಚರ ಸದ್ದಾಯಿತು. ಚಾದರ ಎತ್ತಿ ನೋಡಿದ.

“ಪ್ಲಾಸ್ಟಿಕ್ಕೇ ಬಿಚ್ಚಿಲ್ಲವಲ್ಲ! ಕಿಶನ್ ಮಲಗೋದೆಲ್ಲಿ ಮಾರಾಯಾ?”

ಹೊಸ ಸಾಮಾನಿನ ಪ್ಲಾಸ್ಟಿಕ್ ಬಿಚ್ಚದಿರುವುದು ನಮ್ಮ ಮನೆಯವರ ಹುಟ್ಟುಗುಣ. ಅಭ್ಯಾಸಬಲದಿಂದ ಅದರ ಮೇಲೆಯೇ ಚಾದರ ಹಾಸಿಬಿಟ್ಟಿದ್ದೆ, ಮುಠ್ಠಾಳ! ಕಿಶನ್ ಗೋಡೆಗೆ ಆತುಕೊಂಡ.

ಮಾವ್ಶಿ ಗಹಗಹಿಸಿ ನಕ್ಕಳು. “ಇವನಮ್ಮ ಸೋಫಾದ ಪ್ಲಾಸ್ಟಿಕ್ ಹದಿನೈದು ವರ್ಷ ಬಿಚ್ಚಲಿಲ್ಲ ಫಾದರ್. ಸೆಕೆಗಾಲದಲ್ಲಿ ಕೂತರೆ ಚರ್ಮ ಅಂಟಿಕೊಳ್ತಿತ್ತು! ಪಾಪ, ಕಿಶನ್ ಇದರ ಮೇಲೇ ಹೊರಳಾಡಬೇಕು.”

ಫಾದರ್ ನಕ್ಕರು. ಸೆಬಾಸ್ಟಿಯನ್ನೂ ನಕ್ಕ. ತೀರ್ಥದ ಹನಿ ಹಾಸಿಗೆಯ ಮೇಲೂ ಬಿತ್ತು.

ಹೊರಡುವಾಗ ಮಾವ್ಶಿ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದಳು. ನನ್ನ ಮುಖ ನೋಡಲಿಲ್ಲ. “ಪ್ಲಾಸ್ಟಿಕ್ ತೆಗಿ ಮರ್ವಿನ್. ಅಲ್ಲಿ ದಿನಾ ಒಬ್ಬರು ಮಲಗಿ ಏಳಬೇಕು. ಎಲ್ಲ ಸಲ ನಾನಿರಲ್ಲ,” ಎಂದಳು.

ಬಾಗಿಲು ಹಾಕಿದ ಮೇಲೆ ಕಿಶನ್ ಪ್ಲಾಸ್ಟಿಕ್ ಹರಿದೆಸೆದ. ಹಾಸಿಗೆ ತಗ್ಗು ಬೀಳಲಿ ಎಂದು ಮಲಗಿದ. ಎಷ್ಟು ಹೊತ್ತಾದರೂ ಏಳಲಿಲ್ಲ.

“ಇನ್ಮೇಲೆ ಇಲ್ಲೇ ಮಲಗ್ತೀನಿ,” ಎಂದ.

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು.

“ಸರಿ,” ಎಂದೆ.