ಹತ್ತಿರದ ಗಂಟು

ನಾನು ದರ್ಜಿ. ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಹೆಂಡತಿಗೆ ವಹಿಸಿ ಆರು ತಿಂಗಳಾಗಿತ್ತು. ನನಗೆ ಪುರುಸೊತ್ತಿಲ್ಲ ಎಂದು ಅವಳಿಗೆ ನೆಪ ಹೇಳಿದ್ದೆ. ಕನ್ನಡಕದ ಮಾತೆತ್ತಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಗೆಳೆಯ ಮೇಷ್ಟ್ರು ಮೊದಲ ಸಲ ದಾರ ಕಟ್ಟಿದ ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡು ಬಂದಾಗ, ಅಜ್ಜ ಬಂದರು, ದಾರಿ ಬಿಡಿ ಎಂದು ಆಡಿಕೊಂಡವನೂ ನಾನೇ.

ಮೇಷ್ಟ್ರು, ನಾನು, ನನ್ನ ಭಾವ, ಮೂವರೂ ವಾರಕ್ಕೊಂದು ಸಂಜೆ ಸಮುದ್ರದ ಅಂಚಿನ ಬಂಡೆ ಹತ್ತುತ್ತೇವೆ. ಭಾವ ನನ್ನ ಅಕ್ಕನನ್ನು ಮದುವೆಯಾಗುವ ಮೊದಲಿಂದಲೂ ಈ ಹುಚ್ಚಿದೆ. ಬಂಡೆಯ ನೆತ್ತಿಯಲ್ಲಿ ಬಿಗಿದ ಕೊಂಡಿಯೊಳಗೆ ಹಾದು ಹಗ್ಗದ ಎರಡೂ ತುದಿ ಇಳಿದುಬರುತ್ತವೆ. ಒಂದು ತುದಿ ಹತ್ತುವವನ ಸೊಂಟದ ಪಟ್ಟಿಗೆ, ಇನ್ನೊಂದು ಕೆಳಗೆ ನಿಂತವನ ಕೈಗೆ. ಹಗ್ಗ ಹಿಡಿದವನು ಹತ್ತುವವನ ಗಂಟು ನೋಡಿ "ರೈಟ್" ಎನ್ನಬೇಕು. ಇದು ಭಾವ ತಂದ ಪದ್ಧತಿ. ಅವರು ಬಸ್ ಕಂಡಕ್ಟರು. ರೈಟ್ ಎಂದರೆ ಹೊರಡು, ಹೋಲ್ಡಾನ್ ಎಂದರೆ ನಿಲ್ಲು. ಭಾವ ಹತ್ತುವಾಗ ಹಗ್ಗ ಹಿಡಿಯುವುದು ಯಾವಾಗಲೂ ನಾನೇ. ನಿನ್ನ ಕೈಯಲ್ಲಿದ್ದರೆ ನಿದ್ದೆ ಮಾಡಿಕೊಂಡೂ ಹತ್ತಬಹುದು ಎಂದು ಭಾವ ಒಮ್ಮೆ ಅಂದಿದ್ದರು. ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಆ ಸಂಜೆ ಭಾವ ಗಂಟು ಹಾಕುತ್ತಲೇ ಯಾವನೋ ಪ್ರಯಾಣಿಕನ ಕಥೆ ಹೇಳಿ ನಗಿಸಿದರು. ನಾನು ಬಗ್ಗಿ ಗಂಟು ನೋಡಿದೆ. ಕೆಂಪು ಹಗ್ಗ ಮುದ್ದೆಯಾಗಿ ಕಂಡಿತು. ಎಂದಿನಂತೆ ಇದ್ದೀತು ಎಂದುಕೊಂಡು ರೈಟ್ ಎಂದೆ.

ಮೂವತ್ತಡಿ ಮೇಲೆ ಒಬ್ಬರು ಕೂರುವಷ್ಟು ಜಾಗವಿದೆ. ಅಲ್ಲಿ ಮುಟ್ಟಿದೊಡನೆ ಭಾವ ಎರಡೂ ಕೈ ಬಿಟ್ಟು, ಹಗ್ಗಕ್ಕೆ ಜೋತುಬಿದ್ದು, "ಟಿಕೆಟ್, ಟಿಕೆಟ್" ಎಂದು ಕೂಗುವುದು ವಾಡಿಕೆ. ಅದಕ್ಕಾಗಿ ನಾನು ತಲೆಯೆತ್ತಿದೆ. ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ. ಕೈಯಳತೆಯಲ್ಲಿ ಕಾಣದ ಗಂಟು ಅಷ್ಟು ಮೇಲೆ, ಇಳಿಬಿಸಿಲಿನಲ್ಲಿ, ಎಳೆ ಎಳೆಯಾಗಿ ಕಂಡಿತು. ಹಗ್ಗದ ತುದಿ ಪಟ್ಟಿಯೊಳಗೆ ತೂರಿತ್ತು, ಆದರೆ ಬಂದ ದಾರಿಯಲ್ಲೇ ಹಿಂತಿರುಗಿ ಹೆಣೆದುಕೊಂಡಿರಲಿಲ್ಲ. ಸುಮ್ಮನೆ ನೇತಾಡುತ್ತಿತ್ತು. ಮೈಭಾರ ಬಿದ್ದರೆ ಜಾರಿ ಕಳಚಿಕೊಳ್ಳುವುದೇ. ಭಾವ ಆಗಲೇ ಒಂದು ಕೈ ಬಿಟ್ಟಿದ್ದರು.

"ಹೋಲ್ಡಾನ್," ಎಂದೆ.

ದಿನಕ್ಕೆ ನೂರು ಸಲ ತಾವೇ ಕೂಗುವ ಮಾತಿಗೆ ಭಾವ ಇದ್ದಲ್ಲೇ ನಿಂತರು.

"ಜೋತುಬೀಳ್ಬೇಡಿ ಭಾವ. ಬಂಡೆಗೆ ಒರಗಿ ಕೂತ್ಕೊಳ್ಳಿ. ಗಂಟು ಅರ್ಧ ಆಗಿದೆ."

ಅವರು ಸೊಂಟ ನೋಡಿಕೊಂಡರು. ನಿಧಾನವಾಗಿ ಕೂತು, ಗಂಟು ಮುಗಿಸಿ, ನನಗೆ ಕಾಣುವಂತೆ ಎತ್ತಿ ತೋರಿಸಿದರು. ಸರಿಯಾಗಿತ್ತು. ಮೇಷ್ಟ್ರು ನನ್ನ ಭುಜ ಹಿಡಿದುಕೊಂಡೇ ಇದ್ದರು. ನಾನು ಭಾವನನ್ನು ಇಳಿಸಿದೆ.

"ನೋಡಿದ್ಯಾ, ಇಲ್ವಾ?" ಎಂದರು ಭಾವ.

"ನೋಡ್ದೆ. ಕಾಣಿಸ್ಲಿಲ್ಲ. ಆರು ತಿಂಗಳಿಂದ ಕಾಣಿಸ್ತಿಲ್ಲ."

ನಾಚಿಕೆಯಿಂದ ತಲೆ ತಗ್ಗಿತು. ಬೈಯುತ್ತಾರೆ, ಹಗ್ಗ ಕಿತ್ತು ಮೇಷ್ಟ್ರಿಗೆ ಕೊಡುತ್ತಾರೆ ಎಂದು ಕಾದೆ. ಭಾವ ಗಂಟು ಬಿಚ್ಚಿದರು. ಈ ಸಲ ಯಾವ ಕಥೆಯನ್ನೂ ಹೇಳದೆ ಮತ್ತೆ ಹಾಕಿ ನನ್ನೆದುರು ನಿಂತರು.

"ನೋಡು," ಎಂದರು.

ನಾನು ಮೇಷ್ಟ್ರ ಕಡೆ ಕೈಚಾಚಿ ಕನ್ನಡಕ ಕೇಳಿದೆ. ಅವರು ಆಡಿಕೊಳ್ಳಲಿಲ್ಲ, ತಮ್ಮ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. ಏರಿಸಿಕೊಂಡು ಬಗ್ಗಿದೆ. ಹಗ್ಗ ಹೋದ ದಾರಿಯಲ್ಲೇ ವಾಪಸ್ಸು ಬಂದಿತ್ತು. ಅದರ ಪಕ್ಕದಲ್ಲಿ ಭಾವನ ಬೆರಳುಗಳು ಇನ್ನೂ ನಡುಗುತ್ತಿದ್ದುದೂ ಕಂಡಿತು.