ತುಟಿ ಕೂಡುವ ಅಕ್ಷರ

ಮತ್ತೆ ಬಿಟ್ಟುಬಿಟ್ಟ, ದಾರದ ಎರಡು ತುದಿಯನ್ನೂ ಎದೆಯ ಮೇಲೆ ಹಾಗೇ ಇಳಿಬಿಟ್ಟ, ತೆಳು ಪ್ಲಾಸ್ಟಿಕ್ಕಿನ ಹಳದಿ ರೇನ್‌ಕೋಟು, ಬಸ್ಸಿನಿಂದ ಇಳಿದವರಿಗೆಲ್ಲ ಒಂದೊಂದು ಹಂಚಿದ್ದಾರೆ, ಎಲ್ಲರೂ ಆಗಲೇ ಕೊರಳ ದಾರ ಬಿಗಿದುಕೊಂಡು ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದಾರೆ, ಇವನೊಬ್ಬನದು ಮಾತ್ರ ದಾರ ಹಿಡಿಯುವುದು, ನೋಡುವುದು, ತುಟಿ ಎರಡನ್ನೂ ಬಿಗಿಯಾಗಿ ಕೂಡಿಸುವುದು, ಬಿಡುವುದು — ಆಯುಷ್ಯವಿಡೀ ಮಗ್ಗದ ಮುಂದೆ ನಿಂತವನು, ಎಳೆ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿ ಮಗ್ಗ ಹೊರಡಿಸುತ್ತಿದ್ದವನು, ಇಡೀ ಕಾರ್ಖಾನೆ ಅವನನ್ನು ಲಾಳಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ, ಆ ತುದಿಯಲ್ಲಿದ್ದಾನೆ ಅನ್ನುವಷ್ಟರಲ್ಲಿ ಈ ತುದಿಯಲ್ಲಿ ಹಾಜರು — ತಾನೇ ಕಟ್ಟಿಬಿಡಲೇ ಅಂದುಕೊಂಡಳು ಹೆಂಡತಿ, ಬೇಡ, ಇನ್ನೊಂದು ಸಲ ಹಿಡಿಯಲಿ, ಬೆರಳಿಗೇ ನೆನಪಾದೀತು, ಬೆರಳಿಗೆ ತಲೆಗಿಂತ ಹೆಚ್ಚು ನೆನಪಿರುತ್ತದೆ ಎಂದು ಎಲ್ಲಿ ಕೇಳಿದ್ದೆ — ರೀ, ದಾರ, ಅಂದಳು ಕೊನೆಗೆ. ದಾರಕ್ಕೇನಾಯ್ತು. ದಾರಕ್ಕೇನೂ ಆಗಿಲ್ಲ, ಕೊರಳು ತೆರೆದಿದೆ ನಿಮ್ದು, ನೆಗಡಿ ಬಂದ್ರೆ ರಾತ್ರಿಯೆಲ್ಲ ಒದ್ದಾಡೋಳು ನಾನು, ಈ ಕಡೆ ಬನ್ನಿ. ಬಂದ, ಬಗ್ಗಿದ, ಒಳ್ಳೆಯ ಹುಡುಗನ ಹಾಗೆ ಗದ್ದ ಎತ್ತಿಕೊಟ್ಟ, ಎಡಗಡೆ ದವಡೆಯ ಕೆಳಗೆ ನಾಲ್ಕು ಬಿಳಿ ಕೂದಲು ಉಳಿದುಬಿಟ್ಟಿದೆ, ಹೋದ ವಾರವೂ ಅಲ್ಲೇ ಉಳಿದಿತ್ತು, ಅವನೇ ಕಲಿಸಿದ ಗಂಟನ್ನು ಅವನ ಕೊರಳಿಗೇ ಹಾಕಿದಳು, ಮಗ್ಗದವರ ಗಂಟು, ಚಿಕ್ಕದು, ಎಳೆದಷ್ಟೂ ಬಿಗಿಯುವಂಥದ್ದು. ಚೆನ್ನಾಗಿ ಹಾಕ್ತೀಯಲ್ಲ, ಯಾರು ಕಲಿಸಿದ್ರು, ಅಂದ. ಕುಶಾಲಿಗೆ ಕೇಳಿದನೋ ನಿಜಕ್ಕೂ ಕೇಳಿದನೋ ಅವಳಿಗೆ ತಿಳಿಯಲಿಲ್ಲ, ಈಚೆಗೆ ಇದೇ ದೊಡ್ಡ ಪೀಕಲಾಟ, ಅವನು ಮೊದಲಿನಿಂದಲೂ ಮುಖ ಗಂಭೀರ ಮಾಡಿಕೊಂಡು ತಮಾಷೆ ಮಾಡುವವನು.

ಇವತ್ತು ಹೇಳಲೇಬೇಕು. ಅಮ್ಮ, ಅಪ್ಪಂಗೆ ಹೇಳಿದ್ಯಾ ಎಂದು ಮಗಳು ಬೆಳಿಗ್ಗೆ ಮತ್ತೆ ಫೋನಿನಲ್ಲಿ, ಇಲ್ಲ ಕಣೇ, ಇನ್ನೂ ಯಾವಾಗಮ್ಮ ಹೇಳೋದು, ಅವರದೇ ತಲೆ, ಅವರಿಗೇ ಗೊತ್ತಿಲ್ಲ ಅಂದ್ರೆ ಹೇಗೆ, ಹೇಳ್ತೀನಿ ಬಿಡು, ನೀರು ನೋಡ್ಕೊಂಡು ಬರ್ತೀವಿ, ಅಲ್ಲೇ ಹೇಳ್ತೀನಿ — ಟಿಕೆಟ್ ಕೊಡಿಸಿದವಳೂ ಅವಳೇ, ಇಬ್ರೂ ಹೋಗಿ ಬನ್ನಿ, ಕಾಡು, ಜಲಪಾತ, ಒಳ್ಳೆ ಗಾಳಿ ಅಂತ, ಒಳ್ಳೆ ಗಾಳಿಯಲ್ಲಿ ಕೆಟ್ಟ ಸುದ್ದಿ ಹೇಳಿದರೆ ಹಗುರವಾಗುತ್ತದೇನೋ ಅನ್ನುವ ಹಾಗೆ. ಡಾಕ್ಟರ ಕೋಣೆಗೆ ಗಾಜಿನ ಬಾಗಿಲು, ಅವನಿಗೆ ಗಡಿಯಾರ ಬರೆಸಿ, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸಿ, ಹೊರಗೆ ಕೂತಿರಿ ಎಂದು ಕಳಿಸಿದ ಮೇಲೆ ಒಳಗೆ ಉಳಿದವಳು ಅವಳೊಬ್ಬಳೇ, ಅವನು ಹೊರಗೆ ಬೆಂಚಿನ ಮೇಲೆ, ತೊಡೆಯ ಮೇಲೆ ಅವಳ ಚೀಲ, ಬಾಗಿಲು ಗಟ್ಟಿಯಾಗಿ ಮುಚ್ಚಿದೆಯೇ ಎಂದು ಅವಳೇ ಎದ್ದು ಹೋಗಿ ತಳ್ಳಿ ನೋಡಿದ್ದಳು, ಡಾಕ್ಟರು ಒಳ್ಳೆಯವರು, ಮಾತನ್ನು ಬಿಡಿಸಿ ಬಿಡಿಸಿ ಮೇಷ್ಟರ ಹಾಗೆ ಹೇಳುವವರು, ಮರೆವಿನ ಕಾಯಿಲೆಯಮ್ಮ, ಈಗಷ್ಟೇ ಶುರು, ಮಾತ್ರೆ ಕೊಡೋಣ, ಆದ್ರೆ ಇವರು ಇನ್ಮೇಲೆ ದಿನಾ ದಿನಾ ಸ್ವಲ್ಪ ಸ್ವಲ್ಪ ಮರೀತಾ ಹೋಗ್ತಾರೆ, ನೀವೇ ಹೇಳಿ ಅವರಿಗೆ, ಮನೇಲಿ, ಸಮಾಧಾನವಾಗಿ. ಹೊರಗೆ ಬಂದರೆ ಅವನು ತುಟಿ ಕೂಡಿಸಿ ಕೂತಿದ್ದ, ಎದ್ದು ನಿಂತು ಏನಂದ್ರು ಅಂದ, ಏನಿಲ್ಲ, ರಕ್ತ ಸ್ವಲ್ಪ ಕಡಿಮೆಯಂತೆ, ಟಾನಿಕ್ಕು ಬರೆದಿದಾರೆ. ಬರೆದಿದಾರಾ, ಅಂದ, ನಕ್ಕ, ಅವಳ ಚೀಲವನ್ನು ಬಸ್ ಸ್ಟಾಪಿನವರೆಗೂ ಕೊಡಲೇ ಇಲ್ಲ. ಮನೆಯಲ್ಲಿ ಎಲ್ಲಿ ಹೇಳುವುದು, ಅಡುಗೆಮನೆಯಲ್ಲಿ ಬಾಯಿ ತೆರೆದರೆ ಕುಕ್ಕರು ಕೂಗುತ್ತದೆ, ಹಾಲಿನಲ್ಲಿ ತೆರೆದರೆ ಟೀವಿ, ಮಲಗುವ ಕೋಣೆಯಲ್ಲಿ ದೀಪ ಆರಿಸಿದ ಮೇಲೆ ಅವನ ಮುಖ ಕಾಣುವುದಿಲ್ಲ, ಮುಖ ಕಾಣದೆ ಮಾತಾಡಲು ಅವರಿಬ್ಬರಿಗೂ ಬರುವುದಿಲ್ಲ.

ಅದೂ ಆ ಮಾತು, ಬೇರೆ ಯಾವ ಮಾತಾಗಿದ್ದರೂ ಹೇಗೋ ಹೇಳಿಬಿಡುತ್ತಿದ್ದಳು, ಮರೆಯುವುದು ಅನ್ನುವ ಮಾತನ್ನು ಅವರ ಮನೆಯಲ್ಲಿ ಅಳುಮುಖ ಮಾಡಿಕೊಂಡು ಹೇಳಿದವರೇ ಇಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿ ಇದ್ದರೂ ಒಂದೇ ಬಿಟ್ಟರೂ ಒಂದೇ, ಅಲ್ಲಿ ಮಾತೆಲ್ಲ ತುಟಿಯಲ್ಲಿ, ಕೈಯಲ್ಲಿ, ದನಿ ತೆಗೆಯದೆ ಬಾಯಿ ಆಡಿಸಿದರೆ ಆ ಗೋಡೆಯವರು ಈ ಗೋಡೆಯವರಿಗೆ ಬೈಯಬಹುದಿತ್ತು, ಬೈಯುತ್ತಲೂ ಇದ್ದರು, ಮೇಸ್ತ್ರಿಯ ಬೆನ್ನಿಗೆ ಬೈದದ್ದಕ್ಕಂತೂ ಲೆಕ್ಕವಿಲ್ಲ, ಅವಳೂ ಅಲ್ಲಿ ಕೆಲಸಕ್ಕೆ ಸೇರಿದಾಗ ಆ ಬಾಯಿಮಾತು ಕಲಿಸಿದ್ದು ನೂಲು ಸುತ್ತುವ ದೊಡ್ಡಮ್ಮ, ನೋಡು ಮಗಾ, ತುಟಿ ಕೂಡೋ ಅಕ್ಷರ ಮೂರು, ಪ ಬ ಮ, ಮೂರೂ ಒಂದೇ ಮುಖದ ಅಕ್ಕತಂಗೀರು, ಬಾಯಿ ನೋಡಿ ನಂಬಬೇಡ, ಜೊತೆಗೆ ಕೈ ನೋಡು. ಕೈ ನೋಡುವುದಕ್ಕೆ, ಮದುವೆಗೆ ಮುಂಚೆ ಅವನು ಊರು ಬಿಟ್ಟ ದಿನ, ಅವನ ಕೈ ಎಲ್ಲಿ ಖಾಲಿ ಇತ್ತು, ಹೊಸ ಮಗ್ಗ ಕಲಿಯಲು ದೂರದ ಕಾರ್ಖಾನೆಗೆ ಕಳಿಸುತ್ತಿದ್ದಾರೆ, ಒಂದು ಕೈಯಲ್ಲಿ ಟ್ರಂಕು, ಒಂದು ಕೈಯಲ್ಲಿ ಹಾಸಿಗೆಯ ಸುರುಳಿ, ಶೆಡ್ಡಿನ ಬಾಗಿಲಲ್ಲಿ ನಿಂತು ಅವಳ ಕಡೆಗೇ ತಿರುಗಿ, ತುಟಿ ಕೂಡಿಸಿ, ತೆರೆದು — ನಿಂಗೆ ಬರೀತೀನಿ ಅಂದನಂತೆ, ಅವಳು ಓದಿದ್ದು ನಿನ್ನ ಮರೀತೀನಿ, ಮರೀತಾನಂತೆ, ಹೇಳಿಯೇ ಹೋಗುವ ಕೊಬ್ಬು ನೋಡು, ಮರೆತರೆ ಮರೆಯಲಿ, ಯಾರಿಗೆ ಬೇಕಾಗಿದೆ, ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ, ಮೂರನೇ ದಿನ ಕಿರಾಣಿ ಅಂಗಡಿಯವನು ಹೆಣ್ಣು ನೋಡಲು ಬರಲಿ, ಆಗಬಹುದು ಎಂದು ಅಪ್ಪನಿಗೆ ತಾನೇ ಹೇಳಿದಳು, ಅಂಗಡಿಯವನು ಬಂದು ಕೂತು, ಕಾಫಿ ಕುಡಿದು, ಸಕ್ಕರೆಯ ಗುಣಮಟ್ಟದ ಬಗ್ಗೆ ಮಾತಾಡಿ ಎದ್ದು ಹೋದ, ಅದರ ಹಿಂದೆಯೇ ಕಾಗದ ಬಂತು, ಕೋಳಿ ಕಾಲಿನ ಅಕ್ಷರ, ಹೇಳಿದ್ದೆನಲ್ಲ, ಬರೆದಿದ್ದೇನೆ. ಅವಳು ನಕ್ಕದ್ದಕ್ಕೆ ಅಕ್ಕಪಕ್ಕದ ಮಗ್ಗದವರೆಲ್ಲ ಎಳೆ ಬಿಟ್ಟು ತಿರುಗಿ ನೋಡಿದ್ದರು. ಆಮೇಲೆ ಬದುಕೆಲ್ಲ ಅದೇ ಆಟ, ಅಂಗಡಿಗೆ ಹೊರಟರೂ ಮರೀತೀನಿ ಕಣೇ, ಪಾಳಿಗೆ ಹೊರಟರೂ ಮರೀತೀನಿ, ಅಂದರೆ ಹೋಗಿ ಬರ್ತೀನಿ, ಅಂದರೆ ನಿನ್ನನ್ನು ಬಿಟ್ಟರೆ ನನಗೆ ಯಾರು, ಮಗಳನ್ನು ಹಾಸ್ಟೆಲಿಗೆ ಕಳಿಸಿದ ದಿನ ಅವಳೂ ಬಸ್ಸಿನ ಕಿಟಕಿಯಿಂದ ತಲೆ ಹಾಕಿ, ಅಮ್ಮಾ, ಅಪ್ಪಾ, ಮರೀತೀನಿ ಎಂದು ಕೂಗಿದಾಗ ಪಕ್ಕದ ಸೀಟಿನ ಹೆಂಗಸು ಕೆನ್ನೆ ಕೆನ್ನೆ ಬಡಿದುಕೊಂಡಿದ್ದಳು. ಅಷ್ಟು ಮುದ್ದಿನ ಮಾತನ್ನು ಡಾಕ್ಟರು ತೆಗೆದುಕೊಂಡುಬಿಟ್ಟರು. ಅದನ್ನು ಈಗ ಅವನ ಮುಂದೆ ಯಾವ ಬಾಯಲ್ಲಿ ಹೇಳುವುದು.

ಕೇಳಿಸ್ಕೊಳ್ಳಿ ಎಲ್ಲರೂ, ಕೈಯಲ್ಲಿ ಕೆಂಪು ಬಾವುಟ ಹಿಡಿದ ಗೈಡ್ ಹುಡುಗಿ ಪೀಪಿ ಊದಿದಳು, ಕೆಳಗೆ ಹೋದ್ಮೇಲೆ ನಂದೂ ಕೇಳ್ಸಲ್ಲ, ನಿಮ್ದೂ ಕೇಳ್ಸಲ್ಲ, ಏನಾದ್ರೂ ಹೇಳೋದಿದ್ರೆ ಇಲ್ಲೇ ಹೇಳ್ಬಿಡಿ — ಎಲ್ಲರೂ ನಕ್ಕರು, ಅವಳಿಗೆ ಮಾತ್ರ ತನ್ನನ್ನೇ ನೋಡಿ ಹೇಳಿದ ಹಾಗಾಯಿತು, ರೀ, ಅಂದಳು, ಹೂಂ, ಅಂದ, ಮೆಟ್ಲು ಜಾರುತ್ತೆ, ಹುಷಾರು, ಅಂದಳು. ಇಷ್ಟು ಹೇಳಲು ಇಷ್ಟು ಧೈರ್ಯ ಬೇಕಾಯಿತು. ಮರದ ಮೆಟ್ಟಿಲು, ಎರಡೂ ಕಡೆ ಹಗ್ಗ, ಮರಗಳ ಬುಡದಲ್ಲಿ ಹಸಿ ಪಾಚಿ, ಕಾಡಿನ ಕಾವಲಿನವನೊಬ್ಬ ತಿರುವಿನಲ್ಲಿ ನಿಂತು ಎಲ್ಲರ ಚಪ್ಪಲಿ ನೋಡುತ್ತಿದ್ದಾನೆ, ಮುಂದೆ ಹೊಸದಾಗಿ ಮದುವೆಯಾದ ಜೋಡಿ, ಅವಳ ಕೂದಲು ಅವನ ಕೋಟಿನ ಗುಂಡಿಗೆ ಸಿಕ್ಕಿಕೊಂಡು ಇಬ್ಬರೂ ಅಡ್ಡಡ್ಡ ಇಳಿಯುತ್ತಿದ್ದಾರೆ, ಹಾಗಿರಲಿ, ಇದೇನಿದು, ಕಾಲಡಿ — ಕಿವಿಗೆ ಬರುವ ಮೊದಲೇ ಅಂಗಾಲಿಗೆ ಬಂತು, ಹಲಗೆ ನಡುಗುತ್ತಿದೆ, ಸಣ್ಣಗೆ, ಎಡೆಬಿಡದೆ, ಹಿಮ್ಮಡಿಯಿಂದ ಮೊಣಕಾಲಿಗೆ, ಅವಳು ಅವನ ಮುಖ ನೋಡಿದಳು, ಅವನೂ ನಿಂತುಬಿಟ್ಟಿದ್ದಾನೆ, ಮುಖ ಅರಳಿದೆ, ಶೆಡ್ಡು ಕಣೇ, ಅಂದ, ಹೂಂರೀ, ಶೆಡ್ಡೇ, ಅಂದಳು, ಅದೇ ನೆಲ, ಪಾಳಿ ಶುರುವಾದಾಗ ನಡುಗುತ್ತಿದ್ದ ನೆಲ, ಕಾರ್ಖಾನೆ ಮುಚ್ಚಿ ಅಲ್ಲಿ ಬಟ್ಟೆ ಅಂಗಡಿಗಳು ಬಂದು ಯಾವ ಕಾಲವಾಯಿತು, ಇಲ್ಲಿ ಕಾಡಿನ ನಡುವೆ ಅದು ಇಷ್ಟು ದಿನ ನಡೆಯುತ್ತಲೇ ಇತ್ತು. ತಿರುವು ದಾಟಿದರೆ ನೀರು. ನೀರು ಅನ್ನುವ ಮಾತು ಸಾಲದು, ಬೆಟ್ಟದ ತಲೆಯಿಂದ ಬಿಳಿ ಹಾಸನ್ನು ಯಾರೋ ಬಿಡಿಸುತ್ತಲೇ ಇದ್ದಾರೆ, ಮುಗಿಯುವುದೇ ಇಲ್ಲ, ಒಂದು ಎಳೆಯೂ ಹರಿಯುವುದಿಲ್ಲ, ಕೆಳಗೆ ಬಿದ್ದದ್ದು ಹೊಗೆಯಾಗಿ ಮತ್ತೆ ಮೇಲೇಳುತ್ತದೆ, ಆ ಹೊಗೆಯಲ್ಲಿ ಅರ್ಧ ಕಾಮನಬಿಲ್ಲು, ಅವಳು ರೀ ಅಂದಳು, ತನ್ನ ದನಿ ತನಗೇ ಕೇಳಲಿಲ್ಲ, ಎಂಥ ಸುಖ.

ಸುತ್ತ ಎಲ್ಲರೂ ಬಾಯಿ ಅಗಲಿಸಿ ಕೂಗುತ್ತಿದ್ದಾರೆ, ಹೊಸ ಜೋಡಿಯಲ್ಲಿ ಅವನು ಏನೋ ಅನ್ನುತ್ತಾನೆ, ಅವಳು ಏನು ಅನ್ನುತ್ತಾಳೆ, ಅವನು ಕಿವಿಗೇ ಬಾಯಿ ಇಟ್ಟು ಕೂಗುತ್ತಾನೆ, ಅವಳು ತಲೆ ಆಡಿಸುತ್ತಾಳೆ, ಪಾಪ, ಅವನು ಹೇಳಿದ್ದು ಚಂದ ಕಾಣ್ತಿದೀಯ ಅಂತ, ಅವಳಿಗೆ ಅದು ತಲುಪಲಿಲ್ಲ, ಕಟಕಟೆಯ ಈ ಕಡೆ ನಿಂತ ಮುದುಕಿಗೆ ತಲುಪಿತು. ಮುದುಕಿಯ ಗಂಡನೂ ಓದಿಬಿಟ್ಟಿದ್ದಾನೆ, ಅವಳ ಕಡೆ ತಿರುಗಿ ಹುಬ್ಬು ಹಾರಿಸಿ, ದನಿಯಿಲ್ಲದ ಬಾಯಲ್ಲಿ, ನೀನೂ ಚಂದ ಕಾಣ್ತಿದೀಯ, ಹಳದಿ ಕೋಟಿನ ಕೋಳಿಮರಿ. ಸುಮ್ನಿರು, ಅಂದಳು ಅವಳೂ ತುಟಿಯಲ್ಲೇ — ಸುಮ್ನಿರು, ಸುಮ್ನಿರಿ ಅಲ್ಲ, ಬಾಯಿಮಾತಿನಲ್ಲಿ ಬಹುವಚನವೇ ಇಲ್ಲ, ದನಿ ತೆಗೆದರೆ ರೀ, ನೀವು, ಬನ್ನಿ, ಮದುವೆಯಾದ ಮೇಲೆ ಅತ್ತೆ ಕಲಿಸಿದ್ದು, ಆದರೆ ಶೆಡ್ಡಿನೊಳಗೆ ಪಾಳಿ ಮುಗಿಯುವವರೆಗೂ ಅವನು ನೀನು, ಬಾ, ಹೋಗು, ಕತ್ತೆ, ಕಾರ್ಖಾನೆ ಮುಚ್ಚಿದಾಗ ಹೋದದ್ದು ಕೆಲಸವೊಂದೇ ಅಲ್ಲ, ಆ ನೀನು ಕೂಡ ಹೋಗಿತ್ತು, ಎಷ್ಟು ವರ್ಷದ ಮೇಲೆ ಸಿಕ್ಕ ನೋಡು, ಕನ್ನಡಕದ ಮೇಲೆ ಹನಿ ಹೊತ್ತುಕೊಂಡು ನಿಂತಿದ್ದಾನೆ ನನ್ನ ನೀನು. ಹೇಳು, ಅಂದ. ಏನು ಹೇಳಲಿ. ಬೆಳಿಗ್ಗೆಯಿಂದ ಬಾಯಲ್ಲಿ ಇಟ್ಕೊಂಡು ಓಡಾಡ್ತಿದೀಯಲ್ಲ, ಅದನ್ನ. ಡಾಕ್ಟ್ರು, ಅಂದಳು, ಡಾಕ್ಟ್ರು ಅವತ್ತು, ಮುಂದಿನ ಅಕ್ಷರಕ್ಕೆ ತುಟಿ ಕೂಡಿತು, ಕೂಡಿದ್ದು ಬಿಡಲಿಲ್ಲ, ಕೈ ತಾನಾಗಿ ಹಣೆಯವರೆಗೆ ಎದ್ದಿತು, ಶೆಡ್ಡಿನವರ ಕೈಸನ್ನೆಯಲ್ಲಿ ಹಣೆಯಿಂದ ಆಚೆಗೆ ಬೆರಳು ಹಾರಿಸಿದರೆ ಮರೆಯುವುದು, ಗಾಳಿಯಲ್ಲಿ ಬೆರಳು ಆಡಿಸಿದರೆ ಬರೆಯುವುದು, ಅವಳ ಕೈ ಹಣೆಯ ಹತ್ತಿರ ಹೋಗಿ ಅಲ್ಲೇ ನಿಂತಿತು, ಹಾರಿಸಲು ಮನಸ್ಸು ಬರಲಿಲ್ಲ. ಅವನು ಎರಡು ಅಂಗೈಯನ್ನೂ ಒಂದರ ಪಕ್ಕ ಒಂದು ನಿಲ್ಲಿಸಿ ಬಾಗಿಲು ಮಾಡಿ ತೋರಿಸಿದ. ಗಾಜಿನ ಬಾಗಿಲು ಕಣೇ, ಅಂದ. ಗಾಜಿನದು.

ಅಯ್ಯೋ ಪೆದ್ದಿ, ಅಯ್ಯೋ ಪೆದ್ದಿ, ಅರ್ಧ ಆಯುಷ್ಯ ಮಗ್ಗದ ಆಚೆಯಿಂದ ಬಾಯಿ ಓದಿದವನನ್ನು ಗಾಜಿನ ಆಚೆ ಕೂರಿಸಿ, ಎದ್ದು ಹೋಗಿ ಬಾಗಿಲು ಮುಚ್ಚಿದೆಯಾ ಎಂದು ತಳ್ಳಿ ನೋಡಿದೆಯಲ್ಲ, ಡಾಕ್ಟರು ಅವನ ಕಡೆಗೇ ಮುಖ ಮಾಡಿ ಬಿಡಿಸಿ ಬಿಡಿಸಿ ಹೇಳಿದರಲ್ಲ, ಹಾಗಾದರೆ ಅವತ್ತಿನಿಂದ ಗೊತ್ತು, ಬಸ್ ಸ್ಟಾಪಿನಲ್ಲಿ ಗೊತ್ತು, ಟಾನಿಕ್ಕು ಕುಡಿದು ರಕ್ತ ಬಂತು ನೋಡು ಎಂದು ನಾಲಿಗೆ ತೋರಿಸುವಾಗ ಗೊತ್ತು, ಅವಳು ಅವನಿಗೆ ತಿಳಿಯಬಾರದೆಂದು ಅಳು ನುಂಗಿದ್ದು, ಅವನು ಅವಳಿಗೆ ನೋವಾಗಬಾರದೆಂದು ನಗು ಉಳಿಸಿಕೊಂಡದ್ದು, ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ. ಏನಂದ್ರು ಹೇಳ್ಲಾ, ಅಂದ, ಇವರು ಇನ್ಮೇಲೆ ದಿನಾ ದಿನಾ ಬರೀತಾ ಹೋಗ್ತಾರೆ ಅಂದ್ರು, ಅಲ್ವಾ — ಅನ್ನುತ್ತಾ ಬಲಗೈ ಎತ್ತಿ ನೀರಿನ ಹೊಗೆಯ ಮೇಲೆ ಬೆರಳು ಆಡಿಸಿದ, ಕೊಂಬು, ದೀರ್ಘ, ಒತ್ತು, ದೊಡ್ಡ ದೊಡ್ಡ ಕೋಳಿ ಕಾಲಿನ ಅಕ್ಷರ, ಅವಳು ನಕ್ಕಳು, ನಗುತ್ತಾ ಅತ್ತಳು, ಮುಖವೆಲ್ಲ ಒದ್ದೆ, ಯಾವುದು ಯಾವ ನೀರು ಎಂದು ಯಾರಿಗೂ ತಿಳಿಯುವ ಹಾಗಿಲ್ಲ. ಭಯ ಆಗುತ್ತಾ, ಅಂದಳು. ಅವನು ಸುಳ್ಳು ಹೇಳಲಿಲ್ಲ, ಹೂಂ, ಆಗುತ್ತೆ, ಅಂದ, ನಿಂಗೆ. ನಂಗೂ. ಇಷ್ಟೇ, ಹೇಳಿಯಾಯಿತು, ಹೇಳಬೇಕಾದದ್ದು ಇಷ್ಟೇ ಇತ್ತು, ಅವನನ್ನು ಅವಳು ಯಾವತ್ತಿಗಿಂತ ಹೆಚ್ಚು ಪ್ರೀತಿಸಿದಳು, ಆ ಬಿಳಿ ನಾಲ್ಕು ಕೂದಲಿನ ಸಮೇತ, ಮೇಲಿನಿಂದ ಗೈಡ್ ಹುಡುಗಿ ಕೆಂಪು ಬಾವುಟ ಬೀಸುತ್ತಿದ್ದಾಳೆ, ಸಮಯವಾಯಿತು, ಬನ್ನಿ, ಹತ್ತಿ, ಹಳದಿ ಕೋಟುಗಳು ಒಂದೊಂದೇ ತಿರುಗುತ್ತಿವೆ, ಅವನು ತಿರುಗಲಿಲ್ಲ, ಅವಳ ಎರಡು ಕೈಯನ್ನೂ ತನ್ನ ಎರಡು ಕೈಯೊಳಗೆ ತೆಗೆದುಕೊಂಡ, ಬಿಗಿಯಾಗಿ, ಈಗ ನಾಲ್ಕು ಕೈಯಲ್ಲಿ ಒಂದೂ ಖಾಲಿ ಇಲ್ಲ, ಕಣ್ಣು ಅವಳ ಕಣ್ಣಿನಲ್ಲೇ, ನಾನು, ಅಂದ, ಅದು ಸ್ಪಷ್ಟ, ನಾನು, ಆಮೇಲೆ ತುಟಿ ಕೂಡಿತು, ಟ್ರಂಕು ಹಿಡಿದು ಶೆಡ್ಡಿನ ಬಾಗಿಲಲ್ಲಿ ಕೂಡಿದ ಹಾಗೆ, ಬೆಂಚಿನ ಮೇಲೆ ಕೂಡಿದ ಹಾಗೆ, ದಾರ ಹಿಡಿದು ಕೂಡಿದ ಹಾಗೆ, ಯಾವುದು, ಹೇಳು, ಯಾವ ಅಕ್ಷರ, ಕೈ ಬಿಟ್ಟರೆ ತಿಳಿದೀತು, ಬೇಡ, ಕೈ ಬಿಡಬೇಡ, ಮೇಲ್ದುಟಿಯ ಮೇಲೆ ಒಂದು ಹನಿ ಕೂತಿದೆ, ಇನ್ನೂ ಜಾರಿಲ್ಲ, ತುಟಿ ಇನ್ನೂ ತೆರೆದಿಲ್ಲ, ಕೂಡಿವೆ, ಎರಡು ತುಟಿ, ಒದ್ದೆ, ಕೂಡಿವೆ —