ದೇವರ ಮುಂದೆ ಓದಿದ ಅರ್ಜಿ

ದೇವರ ಮುಂದೆ ಓದದೆ ಯಾವ ಕಾಗದವೂ ದೇವೀರಮ್ಮನ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಗಳ ಲಗ್ನಪತ್ರಿಕೆಯಿಂದ ಹಿಡಿದು ಮೈಸೂರಿನ ತಮ್ಮನಿಗೆ ಬರೆಸಿದ ಕಾರ್ಡಿನವರೆಗೆ ಎಲ್ಲವನ್ನೂ ಚಲುವನಾರಾಯಣನ ಪಟದ ಮುಂದೆ ಗಟ್ಟಿಯಾಗಿ ಓದಿಸಿ, ಮೂಲೆಗೆ ಕುಂಕುಮ ಹಚ್ಚಿಯೇ ಕಳಿಸುವುದು. ಓದುವವರು ಸಾಲು ಹಾರಿಸುವಂತಿಲ್ಲ. ದೇವರಿಗೆ ಅರ್ಧ ಹೇಳಿ ಅರ್ಧ ಮುಚ್ಚಿಡಬಾರದು.

ಮೂವತ್ತಾರನೆಯ ಇಸವಿಯಲ್ಲಿ, ಸುಗ್ಗಿ ಮುಗಿದ ಮೇಲೆ, ಅವಳ ಮಗ ಚಲುವರಾಜು ಅಂಥದೊಂದು ಕಾಗದ ಹಿಡಿದು ಮಂಡ್ಯದಿಂದ ತನ್ನೂರು ದುದ್ದಕ್ಕೆ ಬಂದ. ಲೋಯರ್ ಸೆಕೆಂಡರಿ ಪಾಸು ಮಾಡಿ ಕೆಲಸಕ್ಕೆ ಅಲೆಯುತ್ತಿದ್ದ ಹುಡುಗ. ಮಂಡ್ಯದಲ್ಲಿ ಕಬ್ಬು ಕೊಳ್ಳುವ ಕಚೇರಿಯೊಂದಕ್ಕೆ ಗುಮಾಸ್ತೆ ಬೇಕಾಗಿದ್ದ. ಅರ್ಜಿ ಕೊಡಲು ಮಾರನೆಯ ದಿನವೇ ಕಡೆ. ತಾಲ್ಲೂಕು ಕಚೇರಿಯ ಎದುರಿನ ಜಗುಲಿಯಲ್ಲಿ ಕೂತು ಅರ್ಜಿ ಬರೆಯುವ ರಾಮಾನುಜಯ್ಯಂಗಾರ್ಯರು ಎರಡು ಪುಟ ತುಂಬ ಬರೆದುಕೊಟ್ಟಿದ್ದರು.

ದೀಪ ಹಚ್ಚುವ ಹೊತ್ತು. ಅಪ್ಪ ಚಿಕ್ಕಬೋರಯ್ಯ ಗದ್ದೆಯಿಂದ ಬಂದು ಕಾಲು ತೊಳೆದು, ಕಂಬಕ್ಕೊರಗಿ ಎಲೆ ಅಡಿಕೆ ಹಾಕುತ್ತಿದ್ದ. ತುಂಬ ಉದ್ದವಿದೆ, ಇವತ್ತು ಬೇಡ ಎಂದು ಚಲುವರಾಜು ಜಾರಿಕೊಳ್ಳಲು ನೋಡಿದ. ತಾಯಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಓದಲೇಬೇಕಾಯಿತು. ಸಾಹೇಬರ ಪಾದಕಮಲಗಳು ಬಂದವು, ಅನಂತ ಪ್ರಣಾಮಗಳು ಬಂದವು. ದೇವೀರಮ್ಮ ಕಣ್ಣು ಮುಚ್ಚಿ ಕೈಮುಗಿದಿದ್ದಳು. 'ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ವಿಧವೆಯಾದ ತಾಯಿಯ ಕೂಲಿಯಿಂದ ಬೆಳೆದ ಪರದೇಶಿಯಾದ ನಾನು' ಎಂಬಲ್ಲಿ ಅವನ ದನಿ ಇಳಿಯಿತು. ಸಾಲನ್ನು ಮಾತ್ರ ಹಾರಿಸಲಿಲ್ಲ.

ದೇವೀರಮ್ಮ ಕಣ್ಣು ತೆರೆದು, ಮೊದಲು ಗಂಡನನ್ನು ನೋಡಿದಳು. ಅವನು ಬಾಯಿ ಆಡಿಸುವುದನ್ನು ನಿಲ್ಲಿಸಿದ್ದ. ಗಂಡನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ತಲೆಯ ಮೇಲೆ ಕೊಡ ನೀರು ಸುರಿದಳು. ಸೂತಕ ತೊಳೆಯಬೇಕಿತ್ತು.

"ಕಾಗ್ದದಲ್ ತಾನೆ ಸತ್ತಿರೋದು, ಬುಡು" ಎಂದ ಚಿಕ್ಕಬೋರಯ್ಯ, ನಡುಗುತ್ತ.

"ನಿಮ್ಗೆ ಸಾಯೋದು ಸಸಾರ. ಕುಂಕುಮ ಅಳಿಸ್ಕಳೋಳು ನಾನು."

ಅವತ್ತು ಅರ್ಜಿಗೆ ಕುಂಕುಮ ಬೀಳಲಿಲ್ಲ.

ಬೆಳಕು ಹರಿಯುವ ಮುಂಚೆಯೇ ಗಂಡನನ್ನೂ ಮಗನನ್ನೂ ಹೊರಡಿಸಿಕೊಂಡು ಅವಳು ಮಂಡ್ಯಕ್ಕೆ ಬಂದಳು. ಹಣೆಯಲ್ಲಿ ಕಾಸಗಲ ಕುಂಕುಮ. ಜಗುಲಿ ಹತ್ತಿ ಗಂಡನನ್ನು ಅಯ್ಯಂಗಾರ್ಯರ ಮುಂದೆ ಕೂರಿಸಿದಳು.

"ಇವ್ರು ಯಾರು ಗೊತ್ತಾ ಸ್ವಾಮಿ? ನೀವ್ ಸಾಯ್ಸಿದ್ ಮನ್ಸ."

ಅಯ್ಯಂಗಾರ್ಯರು ಕನ್ನಡಕ ಸರಿಮಾಡಿಕೊಂಡು ಚಿಕ್ಕಬೋರಯ್ಯನನ್ನು ನೋಡಿದರು. ಅವನು ಎದ್ದು ನಮಸ್ಕಾರ ಮಾಡಿದ. ಅವರು ನಾಚಲಿಲ್ಲ. ಬದಲಿಗೆ ಅವರಿಗೂ ಸಿಟ್ಟು ಬಂತು. ತಾವೇನು ಹೊಸದಾಗಿ ಹೂಡಿದ್ದಲ್ಲ, ಅರ್ಜಿ ಅಂದರೆ ಹೀಗೆಯೇ ಬರೆಯುವ ರೂಢಿ, ಸಾಹೇಬರ ಕರುಳು ಕರಗದೆ ಕೈ ಕರಗುವುದಿಲ್ಲ ಎಂದರು.

"ಸಾಹೇಬರ ಮೇಜಿನ ಮೇಲಿರೋ ಅರ್ಜಿಗಳಲ್ಲಿ ಬದುಕಿರೋ ಅಪ್ಪ ಒಬ್ಬನೂ ಇಲ್ಲ ಕಣಮ್ಮ. ನಿನ್ನ ಮಗನೊಬ್ಬನಿಗೆ ಅಪ್ಪ ಇದ್ದರೆ ಕೆಲಸ ಯಾರು ಕೊಡ್ತಾರೆ?"

ಹಾಗಾದರೆ ಆ ಸಾಹೇಬರು ಗುಮಾಸ್ತೆಯನ್ನು ಹುಡುಕುತ್ತಿದ್ದಾರೋ, ತಿಥಿ ಊಟಕ್ಕೆ ಜನ ಹುಡುಕುತ್ತಿದ್ದಾರೋ ಎಂದು ಕೇಳಿದಳು ದೇವೀರಮ್ಮ. ಪಕ್ಕದಲ್ಲಿ ಕೂತಿದ್ದ ಸ್ಟಾಂಪು ಮಾರುವವನು ನಕ್ಕುಬಿಟ್ಟ. ಚಲುವರಾಜುವಿಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ಮಾನ ಕಳೆಯುತ್ತಿದ್ದೀಯ ಎಂದ. ಕೆಲಸ ತಪ್ಪಿದರೆ ಅದು ಅವಳಿಂದಲೇ ಎಂದ.

"ಅನ್ಕ. ಕೆಲ್ಸ ಸಿಕ್ತು ಅಂತಿಟ್ಕ. ನಿಮ್ಮಪ್ಪ ಕಬ್ಬಿನ್ ಗಾಡಿ ಒಡ್ಕಂಡು ಅದೇ ಕಚೇರಿ ಬಾಗ್ಲಿಗೆ ಬತ್ತಾರೆ. ಯಾರಿವ್ರು ಅಂತ ಸಾಯೇಬ್ರು ಕೇಳ್ತಾರೆ. ಏನಂತೀಯ? ಯೋಳ್ಲಾ."

ಚಲುವರಾಜು ಅಪ್ಪನ ಕಡೆ ನೋಡಿದ. ಚಿಕ್ಕಬೋರಯ್ಯ ನೆಲ ನೋಡುತ್ತಿದ್ದ. ನೆನ್ನೆಯಿಂದ ಅವನೂ ಅದನ್ನೇ ಯೋಚಿಸುತ್ತಿದ್ದನೆಂಬುದು ಮಗನಿಗೆ ಆಗ ಕಂಡಿತು.

ಹೊಸ ಹಾಳೆ ಬಂತು. ಇರುವುದನ್ನು ಬರೆಯಿರಿ ಎಂದಳು ದೇವೀರಮ್ಮ. ಅಯ್ಯಂಗಾರ್ಯರು ಲೇಖನಿ ಹಿಡಿದು, ಸಾವು ಬೇಡವೆಂದರೆ ಏನಿದೆ ಹೇಳು ಎಂದು ಹಂಗಿಸಿದರು. ಚಲುವರಾಜು ತಡವರಿಸುತ್ತ ಹೇಳಿದ: ಓದಿದ್ದು, ಪಾಸಾದದ್ದು, ಊರವರ ಕಾಗದ ಪತ್ರ ಬರೆದುಕೊಡುವುದು, ಅಪ್ಪನ ಜೊತೆ ಕಬ್ಬು ಕಡಿದು ಗಾಡಿಗೆ ತುಂಬಿದ್ದು. ಎರಡು ಪುಟದ ಅರ್ಜಿ ಅರ್ಧ ಪುಟಕ್ಕೆ ಇಳಿಯಿತು. ಬೋಳಾಗಿದೆ ಎಂದು ಗೊಣಗಿದರು ಅಯ್ಯಂಗಾರ್ಯರು. ದೇವೀರಮ್ಮ ತನ್ನ ಹಣೆಗೆ ಬೆರಳೊತ್ತಿ ಅದರ ಮೂಲೆಗೆ ಕುಂಕುಮ ಹಚ್ಚಿದಳು.

ಕಚೇರಿಯ ಕಿಟಕಿಯ ಮುಂದೆ ನಿಂತಾಗ ಚಲುವರಾಜುವಿನ ಜೇಬಿನಲ್ಲಿ ಎರಡೂ ಅರ್ಜಿಗಳಿದ್ದವು. ತಾಯಿ ದೂರದ ಹೊಂಗೆಯ ಮರದಡಿ, ಕೂತಿದ್ದ ಅಪ್ಪನ ಪಕ್ಕ ನಿಂತಿದ್ದಳು. ಅವನು ಯಾವುದನ್ನು ಕೊಟ್ಟರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕುಂಕುಮವಿದ್ದುದನ್ನು ತೆಗೆದುಕೊಟ್ಟ. ಒಳಗಿನ ಗುಮಾಸ್ತೆ ಓದಿ, ತಂದೆ ಇದ್ದಾರೆಯೇ ಎಂದು ಆಶ್ಚರ್ಯದಿಂದ ಕೇಳಿದ.

"ಅವ್ರೆ ಸ್ವಾಮಿ. ಅಕೋ, ಆ ಮರದ್ ಕೆಳ್ಗೆ ಕುಂತವ್ರೆ."

ಗುಮಾಸ್ತೆ ಅರ್ಜಿಯನ್ನು ಕಟ್ಟಿನ ತಳಕ್ಕೆ ಸೇರಿಸಿದ.

ಕೆಲಸ ಹಲಗೂರಿನ ಹುಡುಗನೊಬ್ಬನಿಗಾಯಿತು. ಅವನು ಸೇರಿದ ದಿನ, ತನ್ನ ಅರ್ಜಿ ಏನಾಯಿತೆಂದು ಕೇಳಲು ಹೋಗಿದ್ದ ಚಲುವರಾಜು ಅಲ್ಲಿಯೇ ಇದ್ದ. ಹುಡುಗನ ಹಿಂದೆ ಅವನ ಅಪ್ಪ ಟ್ರಂಕು ಹೊತ್ತು ಬಂದ. ಹುಡುಗ ಅವನನ್ನು ಸಾಹೇಬರಿಗೆ ಮನೆಯ ಆಳೆಂದು ಹೇಳಿದ. ಚಲುವರಾಜು ಮನೆಗೆ ಬಂದು ಇದನ್ನೆಲ್ಲ ತಾಯಿಯ ಮುಖಕ್ಕೆ ಎಸೆದಂತೆ ಹೇಳಿದ. ಅವಳು ರಾಗಿ ಬೀಸುತ್ತಿದ್ದಳು.

"ಅವ್ರವ್ವನೂ ಬಂದಿದ್ಲಾ? ಕುಂಕುಮ ಇತ್ತಾ ಅವ್ಳಿಗೆ?"

ಬಂದಿದ್ದಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು, ಕಾಣಲಿಲ್ಲ ಎಂದ.

ದೇವೀರಮ್ಮನ ಕೈಯಲ್ಲಿ ಬೀಸುವ ಕಲ್ಲು ಎಷ್ಟು ಜೋರಾಗಿ ತಿರುಗಿತೆಂದರೆ ಹಿಟ್ಟು ನೆಲಕ್ಕೆಲ್ಲ ಚೆಲ್ಲಿತು. ಚಲುವರಾಜು ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಹಿಟ್ಟನ್ನು ಮೊರಕ್ಕೆ ಬಳಿದುಹಾಕಿದ. ಆಮೇಲೆ ಹಳೆಯ ಅರ್ಜಿಯನ್ನು ಒಲೆಗೆ ಹಾಕಿ, ಮಳವಳ್ಳಿಯಲ್ಲಿ ಖಾಲಿಯಿದ್ದ ಇನ್ನೊಂದು ಕೆಲಸಕ್ಕೆ ತಾನೇ ಹಾಳೆ ಮಡಿಚಿ ಬರೆಯಲು ಕೂತ. ಹಲ್ಲು ಕಚ್ಚಿಕೊಂಡು, ನಿಬ್ಬು ಒತ್ತಿ ಬರೆದ ಮೊದಲ ಸಾಲು: 'ದುದ್ದದ ಚಿಕ್ಕಬೋರಯ್ಯನವರ ಮಗನಾದ ನಾನು.'